ಟೈಟಾನಿಯಂ ಫ್ರೇಮ್ ಮಾಡಿಸುವ ಮುಂಚೆ ಓದಬೇಕಾದ ಒಂದು ಹಾಳೆ

(ಸೈಕಲ್ ಆಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಟೈಟಾನಿಯಂ ಬಗ್ಗೆ ಕೇಳೋಣ ಎಂದು ನೀವೆಲ್ಲ ಬಂದಿದ್ದೀರಿ. ಲೋಹದ ಬಗ್ಗೆ ಖಂಡಿತ ಮಾತಾಡುತ್ತೇನೆ. ಆದರೆ ಇವತ್ತು ನಾನು ಹೆಚ್ಚು ಹೊತ್ತು ಹಿಡಿದು ಕೂರುವುದು ಒಂದು ಹಾಳೆಯನ್ನು. ಅಳತೆ ಕೊಟ್ಟು ಫ್ರೇಮ್ ಮಾಡಿಸುವಾಗ, ಕೊಳವೆಗೆ ಗರಗಸ ಹಚ್ಚುವ ಮುಂಚೆ ತಯಾರಕರು ನಿಮಗೊಂದು ನಕ್ಷೆ ಕಳಿಸುತ್ತಾರೆ. ಪಕ್ಕದಿಂದ ಕಾಣುವ ಸೈಕಲ್ಲಿನ ಗೆರೆಚಿತ್ರ, ಅದರ ಸುತ್ತ ಇಪ್ಪತ್ತೋ ಮೂವತ್ತೋ ಸಂಖ್ಯೆಗಳು, ಕೆಳಗೆ ನಿಮ್ಮ ಒಪ್ಪಿಗೆಗೆ ಒಂದು ಜಾಗ. ನೀವು ದುಡ್ಡು ಕೊಟ್ಟು ಕೊಳ್ಳುವುದು ನಿಜವಾಗಿ ಆ ಹಾಳೆಯನ್ನು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಟೈಟಾನಿಯಂ ಫ್ರೇಮಿನಲ್ಲೂ ಅದೇ ಲೋಹ ಇರುತ್ತದೆ, ಅಷ್ಟೇ ಒಳ್ಳೆಯ ಬೆಸುಗೆ ಇರಬಹುದು. ಅಲ್ಲಿ ಇಲ್ಲದೆ ಇಲ್ಲಿ ಮಾತ್ರ ಇರುವುದು ನಿಮ್ಮ ಹೆಸರು ಬರೆದ ಆ ನಕ್ಷೆ.

ನನ್ನ ಮೊದಲ ಟೈಟಾನಿಯಂ ಫ್ರೇಮಿನ ನಕ್ಷೆ ಬಂದಾಗ ನಾನು ಅದರ ಮೇಲೆ ಕಣ್ಣಾಡಿಸಿದ್ದು ಎರಡು ನಿಮಿಷ. ತಯಾರಕರು ನನ್ನಿಂದ ಕೇಳಿದ್ದು ಎತ್ತರ, ಕಾಲಿನ ಉದ್ದ, ತೋಳಿನ ಉದ್ದ, ತೂಕ ಇಷ್ಟೇ. ಸೈಕಲ್ ಹೇಗಿರಬೇಕು ಎಂದಾಗ, ರೇಸ್ ಸೈಕಲ್ಲಿನ ಹಾಗೆ, ತಗ್ಗಾಗಿ ಉದ್ದವಾಗಿ ಎಂದೆ. ಹಾಗೇ ಮಾಡಿಕೊಟ್ಟರು. ಸ್ಟ್ಯಾಕ್, ಅಂದರೆ ಫ್ರೇಮಿನ ಮುಂಭಾಗದ ಎತ್ತರ, 540 ಮಿ.ಮೀ.; ರೀಚ್, ಅಂದರೆ ಅದು ಮುಂದಕ್ಕೆ ಚಾಚುವ ದೂರ, 395 ಮಿ.ಮೀ. ಬೆಸುಗೆ ನೋಡಿದರೆ ಇವತ್ತಿಗೂ ಕಣ್ಣು ತುಂಬುತ್ತದೆ, ಅಷ್ಟು ಚೆಂದ. ಆದರೆ ಅರುವತ್ತು ಕಿಲೋಮೀಟರ್ ದಾಟಿದರೆ ಅಂಗೈ ಜೋಮು ಹಿಡಿಯುತ್ತಿತ್ತು, ಕತ್ತು ಕಲ್ಲಾಗುತ್ತಿತ್ತು. ಒಂದು ವರ್ಷದಲ್ಲಿ ಹ್ಯಾಂಡಲ್‌ಬಾರಿನ ಕೆಳಗೆ 40 ಮಿ.ಮೀ. ಎತ್ತರಕ್ಕೆ ಸ್ಪೇಸರ್ ಎಂಬ ಬಳೆಗಳು ಬಂದವು, ಹ್ಯಾಂಡಲ್‌ಬಾರನ್ನು ಹಿಡಿದು ಮುಂದಕ್ಕೆ ಚಾಚುವ ಸ್ಟೆಮ್ 80 ಮಿ.ಮೀ.ಗೆ ಇಳಿಯಿತು. ಅಂದರೆ ನನಗೆ ಬೇಕಾಗಿದ್ದ ಫ್ರೇಮೇ ಬೇರೆ. ಎರಡನೆಯ ಸಲ ಮಾಡಿಸಿದಾಗ ಸ್ಟ್ಯಾಕ್ 572, ರೀಚ್ 370. ಅದೇ ಮೈ, ಅದೇ ರಸ್ತೆ. ಮೊದಲನೆಯದು ನಾನು ಆಗಬೇಕೆಂದುಕೊಂಡಿದ್ದ ಸವಾರನಿಗೆ ಮಾಡಿದ್ದು, ಎರಡನೆಯದು ನನಗೆ ಮಾಡಿದ್ದು. ಈ ತಪ್ಪು ನಿಮ್ಮಲ್ಲಿ ಯಾರಿಗೂ ಆಗಬಾರದು ಎನ್ನುವ ಕಾರಣಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ.

ಈಗ ಲೋಹಕ್ಕೆ ಬರುತ್ತೇನೆ, ಏಕೆಂದರೆ ಅದರ ಸ್ವಭಾವ ಗೊತ್ತಿಲ್ಲದೆ ನಕ್ಷೆಯ ಅರ್ಧ ಅರ್ಥವಾಗುವುದಿಲ್ಲ.

ಟೈಟಾನಿಯಂ ಪತ್ತೆಯಾದದ್ದು 1791ರಲ್ಲಿ, ವಿಲಿಯಂ ಗ್ರೆಗರ್ ಎಂಬುವರಿಂದ. ಗ್ರೀಕ್ ಪುರಾಣದ ಟೈಟನ್ನರ ಹೆಸರಿಟ್ಟದ್ದು 1795ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಕ್ಲಾಪ್ರೋತ್. ಆದರೆ ಅದಿರಿನಿಂದ ಲೋಹವನ್ನು ದೊಡ್ಡ ಪ್ರಮಾಣದಲ್ಲಿ ಬೇರ್ಪಡಿಸಲು 20ನೇ ಶತಮಾನದ ಕ್ರಾಲ್ ವಿಧಾನದವರೆಗೆ ಕಾಯಬೇಕಾಯಿತು. ಟೈಟಾನಿಯಂ ಟೆಟ್ರಾಕ್ಲೋರೈಡನ್ನು ಮೆಗ್ನೀಸಿಯಂ ಜೊತೆ ಕಾಯಿಸಿ ಲೋಹ ಬಿಡಿಸುವ ವಿಧಾನ ಅದು. ಅದಿರು ಭೂಮಿಯಲ್ಲಿ ಹೇರಳವಾಗಿದೆ. ಬೆಲೆ ಏರುವುದು ಅದನ್ನು ಬಿಡಿಸುವ, ಕೊಳವೆಯಾಗಿ ಎಳೆಯುವ, ಬೆಸೆಯುವ ಕಷ್ಟಕ್ಕೆ.

ಮೂರು ಲೋಹಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.85 ಗ್ರಾಂ, ಟೈಟಾನಿಯಂ 4.5, ಅಲ್ಯೂಮಿನಿಯಂ 2.7. ಇನ್ನು ಬಿಗಿತ, ಅಂದರೆ ಎಷ್ಟು ಬಲ ಹಾಕಿದರೆ ಎಷ್ಟು ಬಾಗುತ್ತದೆ ಎನ್ನುವ ಗುಣ. ಉಕ್ಕಿಗೆ ಅದು 205 ಗಿಗಾಪ್ಯಾಸ್ಕಲ್ ಆಸುಪಾಸು, ಟೈಟಾನಿಯಂ ಮಿಶ್ರಲೋಹಕ್ಕೆ 105, ಅಲ್ಯೂಮಿನಿಯಂಗೆ 69. ತೂಕದಿಂದ ಬಿಗಿತವನ್ನು ಭಾಗಿಸಿ ನೋಡಿ: ಮೂರಕ್ಕೂ ಹೆಚ್ಚುಕಡಿಮೆ ಒಂದೇ ಉತ್ತರ, ಇಪ್ಪತ್ತಮೂರರಿಂದ ಇಪ್ಪತ್ತಾರರ ಒಳಗೆ. ಹಾಗಾಗಿ ಟೈಟಾನಿಯಂ ತನ್ನಷ್ಟಕ್ಕೆ ತಾನೇ ಯಾವ ಪವಾಡವನ್ನೂ ಮಾಡುವುದಿಲ್ಲ. ಅದರ ನಿಜವಾದ ಗುಣ ಎರಡು. ಮೊದಲನೆಯದು, ತುಕ್ಕು ಹಿಡಿಯುವುದಿಲ್ಲ. ಬೆವರು, ಮಳೆ, ಉಪ್ಪುಗಾಳಿ ಯಾವುದಕ್ಕೂ ಜಗ್ಗುವುದಿಲ್ಲ, ಬಣ್ಣ ಹಚ್ಚುವ ಅಗತ್ಯವೇ ಇಲ್ಲ. ಎರಡನೆಯದು, ಒಂದು ಮಿತಿಯೊಳಗಿನ ಅದುರಾಟವನ್ನು ಲಕ್ಷಾಂತರ ಸಲ ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಹಾಗೊಂದು ಸುರಕ್ಷಿತ ಮಿತಿ ಇಲ್ಲ, ಸಣ್ಣ ಅದುರಾಟವೂ ಅದರ ಆಯಸ್ಸನ್ನು ಸ್ವಲ್ಪಸ್ವಲ್ಪವೇ ತಿನ್ನುತ್ತಿರುತ್ತದೆ. ಚೆನ್ನಾಗಿ ಮಾಡಿದ ಟೈಟಾನಿಯಂ ಫ್ರೇಮ್ ದಶಕಗಟ್ಟಲೆ ಬಾಳುವುದು ಈ ಕಾರಣಕ್ಕೆ. ಅಷ್ಟು ವರ್ಷ ಬಾಳುವ ವಸ್ತು ಎಂದಮೇಲೆ ಅದರ ಅಳತೆ ತಪ್ಪಾದರೆ ಆ ತಪ್ಪೂ ಅಷ್ಟೇ ವರ್ಷ ಬಾಳುತ್ತದೆ.

ಹಾಗಾದರೆ ಫ್ರೇಮಿನ ಬಿಗಿತವನ್ನು ನಿರ್ಧರಿಸುವುದು ಯಾವುದು? ಕೊಳವೆಯ ವ್ಯಾಸ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ತೆಳು ಗೋಡೆಯ ಕೊಳವೆ ಬಾಗದೆ ನಿಲ್ಲುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ, ತೂಕ ಮಾತ್ರ ವ್ಯಾಸಕ್ಕೆ ತಕ್ಕಷ್ಟೇ ಏರುತ್ತದೆ. ಒಂದು ಉದಾಹರಣೆ: 0.9 ಮಿ.ಮೀ. ಗೋಡೆಯ, 60 ಸೆಂ.ಮೀ. ಉದ್ದದ ಡೌನ್ ಟ್ಯೂಬ್, ಅಂದರೆ ಹ್ಯಾಂಡಲ್ ಬುಡದಿಂದ ಪೆಡಲಿನ ಕಡೆಗೆ ಇಳಿಯುವ ಕೊಳವೆ. ವ್ಯಾಸ 34.9 ಮಿ.ಮೀ. ಆದರೆ ತೂಕ ಸುಮಾರು 258 ಗ್ರಾಂ. ಅದನ್ನೇ 38.1 ಮಿ.ಮೀ. ಮಾಡಿದರೆ 283 ಗ್ರಾಂ. ಇಪ್ಪತ್ತೈದು ಗ್ರಾಂ ಹೆಚ್ಚಿಗೆ, ಬಿಗಿತ ಮಾತ್ರ ಶೇ. 30ರಷ್ಟು ಜಾಸ್ತಿ. ಆದ್ದರಿಂದ 60 ಕೆ.ಜಿ. ತೂಕದ, ಕೂತೇ ಏರು ಹತ್ತುವ ಸವಾರರಿಗೂ 95 ಕೆ.ಜಿ. ತೂಕದ, ಎದ್ದುನಿಂತು ತುಳಿಯುವ ಸವಾರರಿಗೂ ಒಂದೇ ಕೊಳವೆ ಹಾಕಿಕೊಡುವವರು ನಿಮಗಾಗಿ ಮಾಡಿಕೊಡುತ್ತಿದ್ದಾರೆ ಎನ್ನಲಾಗದು. ನಕ್ಷೆಯಲ್ಲಿ ಪ್ರತಿ ಕೊಳವೆಯ ವ್ಯಾಸವೂ ಗೋಡೆಯ ದಪ್ಪವೂ ಇರಲಿ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಟೈಟಾನಿಯಂ ಫ್ರೇಮ್ ಎಂದರೆ ಬಳುಕುತ್ತದೆ ಎಂಬ ಹಳೆಯ ಮಾತಿಗೂ ಮೂಲ ಇಲ್ಲೇ ಇದೆ. 1970ರ ದಶಕದಲ್ಲಿ ಈ ಲೋಹ ಸೈಕಲ್ಲಿಗೆ ಬಂದಾಗ ಉಕ್ಕಿನ ಫ್ರೇಮಿನಂತೆಯೇ ತೆಳ್ಳಗಿನ ಕೊಳವೆಗಳನ್ನು ಹಾಕುತ್ತಿದ್ದರು. 1973ರ ಟೂರ್ ಡಿ ಫ್ರಾನ್ಸ್ ಗೆದ್ದ ಲೂಯಿಸ್ ಒಕಾನ್ಯ ಕೆಲವು ಹಂತಗಳಲ್ಲಿ ಸ್ಪೀಡ್‌ವೆಲ್ ಎಂಬ ಬ್ರಿಟಿಷ್ ಟೈಟಾನಿಯಂ ಫ್ರೇಮ್ ಏರಿದ್ದರು. ಅದೇ ಕಾಲದ ಅಮೆರಿಕದ ಟೆಲಿಡೈನ್ ಟೈಟನ್‌ನಲ್ಲಿ ಮಿಶ್ರಣವಿಲ್ಲದ ಟೈಟಾನಿಯಂ ಬಳಸಿದ್ದರು. ಉಕ್ಕಿನ ಅರ್ಧದಷ್ಟು ಬಿಗಿತದ ಲೋಹವನ್ನು ಉಕ್ಕಿನಷ್ಟೇ ಸಣ್ಣ ಕೊಳವೆ ಮಾಡಿದರೆ ಬಳುಕದೆ ಇನ್ನೇನು? 1986ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾದ ಮರ್ಲಿನ್, ಟೆನೆಸಿಯ ಲೈಟ್‌ಸ್ಪೀಡ್ ಮುಂತಾದವರ ಕೈಯಲ್ಲಿ ಮಿಶ್ರಲೋಹದ ದಪ್ಪ ಕೊಳವೆಗಳು ಬಂದಮೇಲೆ ಚಿತ್ರವೇ ಬದಲಾಯಿತು. ಬಳುಕು ಬೇಕಾದರೆ ಇಡಬಹುದು, ಬೇಡವಾದರೆ ತೆಗೆಯಬಹುದು. ಹೇಳಬೇಕಾದವರು ನೀವು.

ಮಿಶ್ರಲೋಹದ ವಿಷಯ ಬೇಗ ಮುಗಿಸುತ್ತೇನೆ. ಎರಡು ಹೆಸರು ಕೇಳಿಬರುತ್ತವೆ. ಗ್ರೇಡ್ 9, ಅಂದರೆ ಶೇ. 3 ಅಲ್ಯೂಮಿನಿಯಂ, ಶೇ. 2.5 ವೆನೇಡಿಯಂ ಸೇರಿದ್ದು. ವಿಮಾನದ ಹೈಡ್ರಾಲಿಕ್ ಪೈಪುಗಳಿಗೆ ಬಳಕೆಗೆ ಬಂದ ಇದು ಉದ್ದಕ್ಕೂ ಬೆಸುಗೆಯಿಲ್ಲದ ಕೊಳವೆಯಾಗಿ ಎಳೆಯಲು ಚೆನ್ನಾಗಿ ಒಗ್ಗುತ್ತದೆ. ಗ್ರೇಡ್ 5, ಅಂದರೆ ಶೇ. 6 ಅಲ್ಯೂಮಿನಿಯಂ, ಶೇ. 4 ವೆನೇಡಿಯಂ. ಇದು ಇನ್ನೂ ಗಟ್ಟಿ. ಆದರೆ ಕೊಳವೆಯಾಗಿ ಎಳೆಯಲು ಬಲು ಕಷ್ಟ, ಅದಕ್ಕೇ ಹಲವು ಸಲ ತಗಡನ್ನು ಸುತ್ತಿ ಉದ್ದಕ್ಕೂ ಬೆಸೆದು ಕೊಳವೆ ಮಾಡುತ್ತಾರೆ. ಫ್ರೇಮಿನ ಕೊಳವೆಗಳು ಗ್ರೇಡ್ 9, ಹಿಂದಿನ ಚಕ್ರ ಕೂರುವ ಡ್ರಾಪ್‌ಔಟ್‌ನಂಥ ಕಡೆದು ಮಾಡುವ ಭಾಗಗಳು ಗ್ರೇಡ್ 5 ಇದ್ದರೆ ನನ್ನ ಮಟ್ಟಿಗೆ ಅದೇ ಸರಿ. ಪೂರ್ತಿ ಗ್ರೇಡ್ 5 ಎಂದು ಹೆಚ್ಚು ದುಡ್ಡು ಕೇಳಿದರೆ ಆ ದುಡ್ಡನ್ನು ಒಳ್ಳೆಯ ಚಕ್ರಗಳಿಗೆ ಹಾಕಿ.

ಸುಖದ ಸವಾರಿ ಎಂಬ ಮಾತೂ ಇದೆ. ಟೈಟಾನಿಯಂ ರಸ್ತೆಯ ಅದುರಾಟ ಹೀರಿಕೊಳ್ಳುತ್ತದೆ ಎನ್ನುತ್ತಾರೆ. ಫ್ರೇಮ್ ಎಂದರೆ ತ್ರಿಕೋನಗಳ ಜೋಡಣೆ. ಮೇಲಿನಿಂದ ಕೆಳಕ್ಕೆ ಒತ್ತಿದರೆ ತ್ರಿಕೋನ ಕುಗ್ಗುವುದು ಕೂದಲೆಳೆಯಷ್ಟು. ಅದೇ ಹೊತ್ತಿಗೆ ಟೈರು ಮಿಲಿಮೀಟರುಗಟ್ಟಲೆ ಕುಗ್ಗುತ್ತದೆ. ಸೀಟನ್ನು ಹೊತ್ತು ಹೊರಚಾಚಿದ ಸೀಟ್‌ಪೋಸ್ಟ್ ಸ್ವಲ್ಪ ಬಾಗುತ್ತದೆ, ಮುಂದಿನ ಚಕ್ರ ಹಿಡಿದ ಫೋರ್ಕ್ ಸ್ವಲ್ಪ ಬಾಗುತ್ತದೆ. ಹೀಗಾಗಿ ಮೈಗೆ ಸುಖ ಬೇಕು ಎನ್ನುವವರು ಫ್ರೇಮಿನಲ್ಲಿ 32 ಮಿ.ಮೀ. ಟೈರಿಗೆ ಜಾಗ ಬಿಡಿಸಿ, 27.2 ಮಿ.ಮೀ. ಸೀಟ್‌ಪೋಸ್ಟ್ ಹಾಕಿಸಿ, ಗಾಳಿ ಕಡಿಮೆ ಇಡಿ. ಲೋಹದ ಆಯ್ಕೆಗಿಂತ ಇವು ನೂರು ಪಾಲು ಮೇಲು.

ಇನ್ನು ಮೈ ಅಳತೆ. ದರ್ಜಿಯ ಹತ್ತಿರ ಹೋದಾಗ ಹಳೆಯ ಅಂಗಿಯೊಂದನ್ನು ಕೊಟ್ಟು, ಇದು ಸರಿ ಇದೆ, ತೋಳು ಮಾತ್ರ ಸ್ವಲ್ಪ ಉದ್ದ ಮಾಡಿ ಎಂದರೆ ಆತ ತಪ್ಪುವುದಿಲ್ಲ. ಬರೀ ಎತ್ತರ, ತೂಕ ಹೇಳಿ ಹೊಲಿಯಿರಿ ಎಂದರೆ ಊಹೆ ಮಾಡಬೇಕು. ಸೈಕಲ್ಲೂ ಹಾಗೇ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಸೊಂಟ ಬಾಗಿದಷ್ಟು ಇನ್ನೊಬ್ಬರದು ಬಾಗುವುದಿಲ್ಲ. ಆದ್ದರಿಂದ ಮೊದಲು ನಿಮ್ಮ ಈಗಿನ ಸೈಕಲ್ಲನ್ನು ಅಳೆಯಿರಿ, ನಿಮ್ಮ ಮೈಯನ್ನು ಆಮೇಲೆ.

ಹೇಗೆ ಅಳೆಯುವುದು ಎಂದು ನಿಧಾನವಾಗಿ ಹೇಳುತ್ತೇನೆ, ಇದು ಮನೆಯಲ್ಲೇ ಮಾಡಬಹುದಾದ ಕೆಲಸ. ಸೈಕಲ್ಲನ್ನು ಸಮತಟ್ಟು ನೆಲದ ಮೇಲೆ ನೇರವಾಗಿ ನಿಲ್ಲಿಸಿ. ಗೋಡೆ ಕಟ್ಟುವ ಮೇಸ್ತ್ರಿಗಳು ಬಳಸುವ ತೂಗುಗುಂಡು ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ದಾರಕ್ಕೊಂದು ನಟ್ಟು ಕಟ್ಟಿದರೂ ಸಾಕು. ಸ್ಯಾಡಲ್ಲಿನ (ಸೀಟಿನ) ಮೂತಿಯಿಂದ ದಾರ ಇಳಿಬಿಡಿ, ಅದು ಅಲ್ಲಾಡದೆ ನಿಲ್ಲಲಿ. ಆ ದಾರದಿಂದ, ಪೆಡಲು ಹೊತ್ತ ಕ್ರ್ಯಾಂಕ್ ತಿರುಗುವ ನಡುಬಿಂದುವಿನವರೆಗೆ ಅಡ್ಡಕ್ಕೆ ಅಳೆಯಿರಿ. ಸ್ಯಾಡಲ್ ಎಷ್ಟು ಹಿಂದಿದೆ ಎನ್ನುವುದು ಅದು. ಅದೇ ನಡುಬಿಂದುವಿನಿಂದ ಸೀಟಿನ ಕೆಳಗಿನ ಕೊಳವೆಯಾದ ಸೀಟ್ ಟ್ಯೂಬಿನ ಗುಂಟ ಸ್ಯಾಡಲ್ಲಿನ ಮೇಲ್ಮೈವರೆಗೆ ಇನ್ನೊಂದು ಅಳತೆ. ಸ್ಯಾಡಲ್ ಮೂತಿಯಿಂದ ಹ್ಯಾಂಡಲ್‌ಬಾರಿನ ನಡುವಿಗೆ ಮತ್ತೊಂದು. ನೆಲದಿಂದ ಸ್ಯಾಡಲ್‌ಗೆ, ನೆಲದಿಂದ ಹ್ಯಾಂಡಲ್‌ಬಾರಿಗೆ ಒಂದೊಂದು. ಪ್ರತಿಯೊಂದನ್ನೂ ಮೂರು ಸಲ ಅಳೆದು ಬರೆಯಿರಿ. ಮೂರೂ ಸಲ ಒಂದೇ ಬರುವವರೆಗೆ ಬಿಡಬೇಡಿ. ಈ ಐದು ಸಂಖ್ಯೆಗಳ ಜೊತೆ, ಎರಡು ಗಂಟೆ ತುಳಿದ ಮೇಲೆ ಎಲ್ಲಿ ನೋಯುತ್ತದೆ ಎಂದು ಒಂದು ಪ್ಯಾರಾ ಬರೆದು ಕೊಡಿ. ತಯಾರಕರಿಗೆ ನೀವು ಕೊಡಬಹುದಾದ ಅತ್ಯಂತ ಬೆಲೆಬಾಳುವ ಮಾಹಿತಿ ಅದು. ನೋವಿನ ಬಗ್ಗೆ ಸಂಕೋಚಪಟ್ಟು ಮುಚ್ಚಿಡಬೇಡಿ. ನಾನು ಮೊದಲ ಸಲ ಮುಚ್ಚಿಟ್ಟೆ.

ಈಗ ನಕ್ಷೆ ಬಿಚ್ಚೋಣ. ಮೊದಲು ನೋಡಬೇಕಾದ್ದು ಸ್ಟ್ಯಾಕ್ ಮತ್ತು ರೀಚ್. ಕ್ರ್ಯಾಂಕ್ ತಿರುಗುವ ಜಾಗವಾದ ಬಾಟಮ್ ಬ್ರ್ಯಾಕೆಟ್ಟಿನ ನಡುವಿನಿಂದ, ಹ್ಯಾಂಡಲ್ ತಿರುಗುವ ಕೊಳವೆಯಾದ ಹೆಡ್ ಟ್ಯೂಬಿನ ಮೇಲ್ತುದಿ ಎಷ್ಟು ಮೇಲಿದೆ ಎನ್ನುವುದು ಸ್ಟ್ಯಾಕ್, ಎಷ್ಟು ಮುಂದಿದೆ ಎನ್ನುವುದು ರೀಚ್. ಇವೆರಡನ್ನೂ ಸೇರಿಸಿಯೇ ಓದಬೇಕು. ಹೆಡ್ ಟ್ಯೂಬ್ ಹಿಂದಕ್ಕೆ ವಾಲಿರುವುದರಿಂದ 10 ಮಿ.ಮೀ. ಸ್ಪೇಸರ್ ಹಾಕಿದರೆ ಹ್ಯಾಂಡಲ್‌ಬಾರ್ ಮೇಲೆ ಬರುವುದರ ಜೊತೆಗೆ ಸುಮಾರು 3 ಮಿ.ಮೀ. ಹಿಂದಕ್ಕೂ ಬರುತ್ತದೆ. ನಕ್ಷೆಯಲ್ಲಿ ಸ್ಟೆಮ್ 100 ಅಥವಾ 110 ಮಿ.ಮೀ., ಸ್ಪೇಸರ್ 10ರಿಂದ 20 ಮಿ.ಮೀ. ಇಟ್ಟು ನಿಮ್ಮ ಹ್ಯಾಂಡಲ್‌ಬಾರ್ ಸರಿಯಾದ ಜಾಗಕ್ಕೆ ಬರುತ್ತಿದೆಯೇ ನೋಡಿ. ಹಾಗಿದ್ದರೆ ಮುಂದೆ ಮೈ ಬದಲಾದರೂ ಮೇಲೆ, ಕೆಳಗೆ, ಹಿಂದೆ, ಮುಂದೆ ಸರಿಸಲು ಅವಕಾಶ ಉಳಿಯುತ್ತದೆ. ಹತ್ತು ವರ್ಷದ ಮೇಲೆ ನಿಮ್ಮ ಬೆನ್ನು ಇವತ್ತಿನಷ್ಟೇ ಬಾಗುತ್ತದೆ ಎಂದು ಯಾರೂ ಬರೆದುಕೊಡಲಾರರು, ಫ್ರೇಮ್ ಮಾತ್ರ ಆಗಲೂ ಇರುತ್ತದೆ.

ಸೀಟ್ ಟ್ಯೂಬಿನ ಕೋನ ಸಣ್ಣ ವಿಷಯದಂತೆ ಕಾಣುತ್ತದೆ. ಸ್ಯಾಡಲ್ ಎತ್ತರ 730 ಮಿ.ಮೀ. ಇರುವವರಿಗೆ ಒಂದೇ ಒಂದು ಡಿಗ್ರಿ ಬದಲಾದರೆ ಸ್ಯಾಡಲ್ ಸುಮಾರು 12 ಮಿ.ಮೀ. ಹಿಂದೆ ಮುಂದೆ ಆಗುತ್ತದೆ. ತೂಗುಗುಂಡಿನಿಂದ ಅಳೆದ ಸಂಖ್ಯೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಸ್ಯಾಡಲ್ ತನ್ನ ಹಳಿಗಳ ನಡುಮಧ್ಯದಲ್ಲಿ ಕೂತಾಗ ಆ ಸಂಖ್ಯೆ ಬರುವ ಹಾಗೆ ಕೋನ ಇಡಲು ಹೇಳಿ.

ನನಗೆ ಎಲ್ಲಕ್ಕಿಂತ ಪ್ರೀತಿಯ ಭಾಗ ಸೈಕಲ್ಲಿನ ಮುಂಭಾಗ. ಹ್ಯಾಂಡಲ್ ತಿರುಗುವ ಅಕ್ಷವನ್ನು ಗೆರೆಯಾಗಿ ನೆಲದವರೆಗೆ ಎಳೆಯಿರಿ. ಆ ಗೆರೆ ಮುಟ್ಟುವ ಜಾಗಕ್ಕಿಂತ ಟೈರು ನೆಲ ಮುಟ್ಟುವ ಜಾಗ ಸ್ವಲ್ಪ ಹಿಂದೆ ಇರುತ್ತದೆ. ಆ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಸೈಕಲ್ ನೇರ ಹೋಗಲು ಹಂಬಲಿಸುವುದರಲ್ಲಿ ಇದರ ಪಾಲು ದೊಡ್ಡದು. 28 ಮಿ.ಮೀ. ಟೈರು, 73 ಡಿಗ್ರಿ ಹೆಡ್ ಕೋನ (ಹೆಡ್ ಟ್ಯೂಬಿನ ವಾಲು), 45 ಮಿ.ಮೀ. ರೇಕ್ (ಹ್ಯಾಂಡಲ್ ತಿರುಗುವ ಅಕ್ಷಕ್ಕಿಂತ ಚಕ್ರದ ನಡು ಮುಂದಿರುವ ದೂರ) ಇರುವ ಫೋರ್ಕ್ ಹಿಡಿದರೆ ಟ್ರೇಲ್ ಸುಮಾರು 57 ಮಿ.ಮೀ. ಬರುತ್ತದೆ. ರೋಡ್ ಸೈಕಲ್ಲಿಗೆ ಇದು ಹದವಾದ ಅಳತೆ. ಕೋನವನ್ನಷ್ಟೇ 72ಕ್ಕೆ ಇಳಿಸಿದರೆ ಟ್ರೇಲ್ 63 ಆಗುತ್ತದೆ. ವೇಗದಲ್ಲಿ ಗಟ್ಟಿಯಾಗಿ ನಿಲ್ಲುವ, ನಿಧಾನಕ್ಕೆ ಹೋಗುವಾಗ ಸ್ವಲ್ಪ ಭಾರ ಎನಿಸುವ ಸೈಕಲ್ ಅದು. 72 ಡಿಗ್ರಿಯ ಜೊತೆ ಫೋರ್ಕಿನ ರೇಕ್ 50 ಮಾಡಿದರೆ ಮತ್ತೆ 58ಕ್ಕೆ ಬರುತ್ತದೆ. ಅಂದರೆ ಹ್ಯಾಂಡಲ್ಲಿನ ಸ್ವಭಾವ ಹೆಚ್ಚುಕಡಿಮೆ ಮೊದಲಿನದೇ, ಮುಂದಿನ ಚಕ್ರ ಮಾತ್ರ ಪಾದದಿಂದ ಇನ್ನಷ್ಟು ದೂರ ಹೋಗಿದೆ.

ಕುಳ್ಳಗಿನ ಸವಾರರಿಗೆ ಇದು ವರದಾನ. ಸಣ್ಣ ಅಳತೆಯ ಸಿದ್ಧ ಸೈಕಲ್ಲುಗಳಲ್ಲಿ ತಿರುವಿನಲ್ಲಿ ಹೆಬ್ಬೆರಳು ಮುಂದಿನ ಟೈರಿಗೆ ತಾಗುವುದನ್ನು ಅನುಭವಿಸಿದವರು ಇಲ್ಲಿ ಇದ್ದೀರಿ, ತಲೆಯಾಡಿಸುತ್ತಿದ್ದೀರಿ. ಅಳತೆ ಕೊಟ್ಟು ಮಾಡಿಸುವಾಗ ಇಂಥ ತೊಂದರೆಯನ್ನು ಸಹಿಸಿಕೊಳ್ಳುವ ಕಾರಣವೇ ಇಲ್ಲ. ಆದರೆ ಒಂದು ಎಚ್ಚರ. ಟೈಟಾನಿಯಂ ಫ್ರೇಮುಗಳಿಗೆ ಬಹುಪಾಲು ಕಾರ್ಬನ್ ಫೋರ್ಕ್ ಹಾಕುತ್ತಾರೆ, ಅವು ಎಲ್ಲ ರೇಕ್‌ಗಳಲ್ಲಿ ಸಿಗುವುದಿಲ್ಲ. ಫೋರ್ಕ್ ಯಾವುದು ಎಂದು ತೀರ್ಮಾನಿಸಿದ ಮೇಲೆಯೇ ಹೆಡ್ ಕೋನ ಬರೆಯಬೇಕು. ಮದುವೆಯಾದ ಮೇಲೆ ಹೆಣ್ಣು ಹುಡುಕಿದ ಹಾಗೆ, ಫ್ರೇಮ್ ಬಂದ ಮೇಲೆ ಫೋರ್ಕ್ ಹುಡುಕಬೇಡಿ.

ಹಿಂಭಾಗದಲ್ಲಿ ಚೈನ್‌ಸ್ಟೇ (ಬಾಟಮ್ ಬ್ರ್ಯಾಕೆಟ್ಟಿನಿಂದ ಹಿಂದಿನ ಚಕ್ರದ ನಡುವಿಗೆ ಹೋಗುವ ಕೊಳವೆ) ಉದ್ದ, ಟೈರಿನ ಜಾಗ ಎರಡೂ ಒಂದನ್ನೊಂದು ಎಳೆಯುತ್ತವೆ. ಬಾಟಮ್ ಬ್ರ್ಯಾಕೆಟ್ಟಿನ ಹಿಂದಿನ ಆ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಟೈರು, ಹಲ್ಲುಚಕ್ರ, ಕ್ರ್ಯಾಂಕ್ ಮತ್ತು ಕೊಳವೆ ಎಲ್ಲವೂ ಇರುಕಬೇಕು. 410 ಮಿ.ಮೀ.ನಷ್ಟು ಗಿಡ್ಡ ಚೈನ್‌ಸ್ಟೇಯೂ ಬೇಕು, 35 ಮಿ.ಮೀ. ಟೈರೂ ಬೇಕು ಎಂದು ಹಟ ಹಿಡಿದರೆ ಕೊಳವೆಯನ್ನು ಅಪ್ಪಚ್ಚಿ ಮಾಡಿ ಒಳಕ್ಕೆ ತಳ್ಳಬೇಕಾಗುತ್ತದೆ. ಅತಿ ಹೆಚ್ಚು ಒತ್ತಡ ಬೀಳುವ ಜಾಗವೂ ಅದೇ. 415ರಿಂದ 420ಕ್ಕೆ ಒಪ್ಪಿಕೊಳ್ಳಿ, ಟೈರಿನ ಎರಡೂ ಬದಿ ತಲಾ 5 ಮಿ.ಮೀ. ಖಾಲಿ ಇರಲಿ. ಕೆಸರಿನಲ್ಲಿ ಹೋದಾಗ, ಚಕ್ರ ತುಸು ಸೊಟ್ಟಗಾದಾಗ ಆ ಐದು ಮಿಲಿಮೀಟರ್ ನಿಮ್ಮನ್ನು ಕಾಯುತ್ತದೆ.

ಭಾಗಗಳ ಮಾನದಂಡಗಳ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಬಾಟಮ್ ಬ್ರ್ಯಾಕೆಟ್ ಥ್ರೆಡ್ ಇರುವುದೇ ಇರಲಿ. ಹಳೆಯ 68 ಮಿ.ಮೀ. ಬಿಎಸ್‌ಎ ಆಗಲಿ, ದೊಡ್ಡ ಬಾಯಿಯ ಟಿ47 ಆಗಲಿ, ಎರಡೂ ಒಳ್ಳೆಯವೇ. ಒತ್ತಿ ಕೂರಿಸುವ ಬೇರಿಂಗಿಗೆ ರಂಧ್ರದ ಅಳತೆ ಕೂದಲೆಳೆಯಷ್ಟೂ ತಪ್ಪುವಂತಿಲ್ಲ. ಬೆಸುಗೆಯ ಕಾವಿಗೆ ಲೋಹ ಸ್ವಲ್ಪವಾದರೂ ಎಳೆದುಕೊಂಡಿರುತ್ತದೆ, ಆಮೇಲೆ ಕಿರ್ರ್ ಎಂಬ ಸದ್ದು ಬೆನ್ನು ಬಿಡುವುದಿಲ್ಲ. ಹಾಗೆಯೇ ಬ್ರೇಕಿನ ಪೈಪುಗಳು. ಹ್ಯಾಂಡಲ್ ತಿರುಗಿಸುವ ಹೆಡ್‌ಸೆಟ್ ಬೇರಿಂಗಿನ ಮೂಲಕವೇ ಒಳಗೆ ಇಳಿಸಿದರೆ ಸೈಕಲ್ ನೋಡಲು ನುಣ್ಣಗಿರುತ್ತದೆ, ಒಪ್ಪುತ್ತೇನೆ. ಆದರೆ ಒಂದು ಸಣ್ಣ ಬೇರಿಂಗ್ ಬದಲಿಸಲು ಬ್ರೇಕಿನ ಪೈಪು ಬಿಚ್ಚಿ, ಎಣ್ಣೆ ತುಂಬಿಸಿ, ಗಾಳಿ ತೆಗೆಯಬೇಕಾಗುತ್ತದೆ. ದೂರದ ಸವಾರಿ ಹೋಗುವವರು ಡೌನ್ ಟ್ಯೂಬಿನ ಪಕ್ಕದಲ್ಲಿ ಒಳಗೆ ಹೋಗುವ ದಾರಿ ಇಡಿಸಿಕೊಳ್ಳಿ. ಹಿಂದಿನ ಗೇರನ್ನು ಹಿಡಿದಿಡುವ ಹ್ಯಾಂಗರ್ ಎಲ್ಲೆಡೆ ಸುಲಭವಾಗಿ ಸಿಗುವ ಮಾದರಿಯದೇ ಇರಲಿ. ಮಡ್‌ಗಾರ್ಡಿಗೆ, ಮೂರನೆಯ ನೀರಿನ ಬಾಟಲಿಗೆ ತೂತು ಬೇಕೆಂದರೆ ಈಗಲೇ ಹೇಳಿ. ಆಮೇಲೆ ಟೈಟಾನಿಯಂಗೆ ತೂತು ಕೊರೆಸುವುದು ಆಟವಲ್ಲ.

ಬೆಸುಗೆಗೆ ಬರೋಣ. ಇಲ್ಲಿ ಒಂದು ನಿಜ ಕಥೆ ಹೇಳಲೇಬೇಕು. 1960ರ ದಶಕದಲ್ಲಿ ಲಾಕ್‌ಹೀಡ್ ಕಂಪನಿ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ ಟೈಟಾನಿಯಂ ಬೇಹು ವಿಮಾನಗಳನ್ನು ಕಟ್ಟುತ್ತಿತ್ತು. ಬೇಸಿಗೆಯಲ್ಲಿ ಬೆಸೆದ ರೆಕ್ಕೆಯ ಹಲಗೆಗಳು ಬೇಗ ಸೀಳುತ್ತಿದ್ದವು, ಚಳಿಗಾಲದಲ್ಲಿ ಬೆಸೆದವು ಬಾಳುತ್ತಿದ್ದವು. ಕಾರಣ ಹುಡುಕಿದಾಗ ಸಿಕ್ಕಿದ್ದು ನಲ್ಲಿ ನೀರು. ಬೇಸಿಗೆಯಲ್ಲಿ ಪಾಚಿ ಕಟ್ಟದಿರಲೆಂದು ಊರಿನ ನೀರಿಗೆ ಕ್ಲೋರಿನ್ ಹೆಚ್ಚು ಹಾಕುತ್ತಿದ್ದರು, ಹಲಗೆಗಳನ್ನು ಅದೇ ನೀರಿನಲ್ಲಿ ತೊಳೆಯುತ್ತಿದ್ದರು. ಭಟ್ಟಿ ಇಳಿಸಿದ ನೀರಿಗೆ ಬದಲಿಸಿದ ಮೇಲೆ ತೊಂದರೆ ನಿಂತಿತು. ಟೈಟಾನಿಯಂ ಅಷ್ಟು ಮಡಿಯ ಲೋಹ. ತಣ್ಣಗಿದ್ದಾಗ ಸಮುದ್ರದ ನೀರಿಗೂ ಅಂಜದ್ದು, ಕೆಂಪಗೆ ಕಾದಾಗ ಗಾಳಿಯ ಆಮ್ಲಜನಕ, ಸಾರಜನಕವನ್ನು ಹೀರಿಕೊಂಡು ಗಾಜಿನಂತೆ ಪೆಡಸಾಗುತ್ತದೆ. ಬೆರಳಿನ ಜಿಡ್ಡು ಕೂಡ ಬೇಡ. ಒಳ್ಳೆಯ ಕಾರ್ಖಾನೆಯಲ್ಲಿ ಕೊಳವೆಗಳನ್ನು ದ್ರಾವಕದಲ್ಲಿ ಒರೆಸಿ, ಕೈಗವಸು ಹಾಕಿಯೇ ಮುಟ್ಟುತ್ತಾರೆ. ಹೊರಗಡೆಯಷ್ಟೇ ಅಲ್ಲದೆ ಕೊಳವೆಯ ಒಳಗಡೆಯೂ ಆರ್ಗಾನ್ ಅನಿಲ ತುಂಬಿ, ಗಾಳಿ ಪೂರ್ತಿ ಹೋದಮೇಲೆ ಬೆಸೆಯುತ್ತಾರೆ. ಈ ಒಳಗಿನ ಆರ್ಗಾನ್ ಬಗ್ಗೆ ತಯಾರಕರನ್ನು ಕೇಳಿ. ಉತ್ಸಾಹದಿಂದ ವಿವರಿಸುವವರಾದರೆ ಅರ್ಧ ನಂಬಿಕೆ ಅಲ್ಲೇ ಬರುತ್ತದೆ.

ಬೆಸುಗೆಯ ಬಣ್ಣವೇ ಅದರ ಕಥೆ ಹೇಳುತ್ತದೆ. ಬೆಳ್ಳಿಯ ಹೊಳಪಿದ್ದರೆ ಗಾಳಿ ಸೋಕಿಲ್ಲ. ತಿಳಿ ಹುಲ್ಲಿನ ಬಣ್ಣವಾದರೂ ಸರಿ. ನೀಲಿಗೆ ತಿರುಗಿದ್ದರೆ ಅನುಮಾನಿಸಬೇಕು. ಬೂದಿಯಂತೆ ಬಿಳಿಚಿ ಪುಡಿಪುಡಿಯಾಗಿದ್ದರೆ ಆ ಫ್ರೇಮ್ ಬೇಡ. ಆದರೆ ಹೊರಗಿನ ಬಣ್ಣವನ್ನು ಉಜ್ಜಿ ತೆಗೆಯಬಹುದು. ಅದಕ್ಕೆ ನಾನು ಮಾಡುವುದು ಇಷ್ಟು: ಫ್ರೇಮನ್ನು ಮಡಿಲ ಮೇಲೆ ಮಗುವಿನಂತೆ ಮಲಗಿಸಿಕೊಂಡು ಬಾಟಮ್ ಬ್ರ್ಯಾಕೆಟ್ಟಿನ ಬಾಯಿಯೊಳಗೆ ಸಣ್ಣ ಟಾರ್ಚ್ ಬಿಡುತ್ತೇನೆ. ಅಲ್ಲಿ ಡೌನ್ ಟ್ಯೂಬಿನ ಕಡೆ ಗಾಳಿಯಾಡಲು ಬಿಟ್ಟ ಕಿಂಡಿ ಕಾಣುತ್ತದೆ, ಸುತ್ತಲೂ ಬೆಸುಗೆಯ ಬೆನ್ನು ಕಾಣುತ್ತದೆ. ಅಲ್ಲಿಯೂ ಬೆಳ್ಳಿಯೇ ಇದ್ದರೆ ಮಾಡಿದವರ ಕೈ ಶುದ್ಧ. ಹೊರಗಡೆ ನಾಣ್ಯಗಳನ್ನು ಒಂದರ ಮೇಲೊಂದು ಓರೆಯಾಗಿ ಜೋಡಿಸಿಟ್ಟಂತೆ ಕಾಣುವ ಸಾಲು ಚೆಂದವೇ. ಆದರೆ ಫ್ರೇಮಿನ ಗಟ್ಟಿತನ ಇನ್ನೊಂದು ಕಾಣದ ಕೆಲಸದಲ್ಲಿದೆ. ಒಂದು ಕೊಳವೆಯ ತುದಿಯನ್ನು ಇನ್ನೊಂದರ ಉರುಟಿಗೆ ಸರಿಯಾಗಿ ಅಪ್ಪುವಂತೆ, ಮೀನಿನ ಬಾಯಿಯ ಆಕಾರಕ್ಕೆ ಕತ್ತರಿಸಬೇಕು. ಬೆಸೆಯುವ ಮುಂಚೆಯೇ ಅವೆರಡರ ನಡುವೆ ಬೆಳಕು ತೂರಬಾರದು. ಸಂದು ಬಿಟ್ಟು ಕತ್ತರಿಸಿ ಆಮೇಲೆ ಲೋಹ ತುಂಬಿ ಮುಚ್ಚಿದರೆ ಕೊಳವೆಗಳು ಸೆಳೆದುಕೊಂಡು ಸೊಟ್ಟಗಾಗುತ್ತವೆ, ಬಿರುಕು ಶುರುವಾಗುವುದೂ ಅಲ್ಲಿಂದಲೇ. ಉಕ್ಕಿನ ಫ್ರೇಮಾದರೆ ಸೊಟ್ಟಗಾದದ್ದನ್ನು ಬಗ್ಗಿಸಿ ನೇರ ಮಾಡಬಹುದು. ಟೈಟಾನಿಯಂ ಬಗ್ಗಿಸಿದಷ್ಟೂ ಹಿಂದಕ್ಕೆ ಚಿಮ್ಮುತ್ತದೆ, ಆದ್ದರಿಂದ ಮೊದಲ ಸಲವೇ ನೇರ ಬರಬೇಕು.

ತಯಾರಕರನ್ನು ಹೇಗೆ ಆರಿಸುವುದು ಎಂದು ಹಲವರು ಕೇಳಿದ್ದೀರಿ. ನೀವು ಅವರಿಗೆ ಎಷ್ಟು ಪ್ರಶ್ನೆ ಕೇಳುತ್ತೀರಿ ಎನ್ನುವುದಕ್ಕಿಂತ ಅವರು ನಿಮಗೆ ಎಷ್ಟು ಕೇಳುತ್ತಾರೆ ನೋಡಿ. ಯಾವ ರಸ್ತೆ, ಎಷ್ಟು ಹೊತ್ತು, ಚೀಲ ಹೇರುತ್ತೀರಾ, ಇಳಿಜಾರಿನಲ್ಲಿ ಧೈರ್ಯವಾಗಿ ಬಿಡುತ್ತೀರಾ ಅಥವಾ ಬ್ರೇಕ್ ಹಿಡಿದೇ ಇಳಿಯುತ್ತೀರಾ, ಹಳೆಯ ಗಾಯ ಇದೆಯೇ, ಈಗಿನ ಸೈಕಲ್ಲಿನಲ್ಲಿ ಇಷ್ಟವಾದದ್ದು ಯಾವುದು. ನೀವು ಕೇಳಿದ್ದಕ್ಕೆಲ್ಲ ಆಗಲಿ ಎನ್ನುವವರಿಗಿಂತ, ಇದು ಬೇಡ, ಏಕೆಂದರೆ ಹೀಗೆ ಎಂದು ಎದುರು ಮಾತಾಡುವವರು ಸಿಕ್ಕರೆ ಬಿಡಬೇಡಿ. ಖಾತರಿ ಎಷ್ಟು ವರ್ಷ, ಮೊದಲ ಒಡೆಯರಿಗೆ ಮಾತ್ರವೇ, ಬಿದ್ದು ಕೊಳವೆ ನೆಗ್ಗಿದರೆ ಬದಲಿಸಿಕೊಡುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಕಾಯುವ ಕಾಲ ತಿಂಗಳುಗಟ್ಟಲೆ ಇರಬಹುದು. ಅದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ, ನಕ್ಷೆ ಓದಲು ಅಷ್ಟು ಸಮಯ ಸಿಕ್ಕಿತು.

ಹೊರಮೈ ಬಗ್ಗೆ ಎರಡೇ ಮಾತು. ಉಜ್ಜಿದ ಮೈ ಇಟ್ಟುಕೊಂಡರೆ ಗೀರು ಬಿದ್ದಾಗ ನಾರಿನ ಸ್ಕ್ರಬ್ಬರಿನಿಂದ ನೀವೇ ಒರೆಸಿ ಹೊಸದು ಮಾಡಬಹುದು. ಆನೊಡೈಸ್ ಮಾಡಿದ ನೀಲಿ, ನೇರಳೆ, ಚಿನ್ನದ ಬಣ್ಣಗಳಲ್ಲಿ ಬಣ್ಣವೆಂಬುದೇ ಇಲ್ಲ. ವಿದ್ಯುತ್ ಹರಿಸಿ ಮೇಲಿನ ಆಕ್ಸೈಡ್ ಪದರದ ದಪ್ಪ ಬದಲಿಸುತ್ತಾರೆ, ಬೆಳಕು ಅದರಲ್ಲಿ ಒಡೆದು ನಮಗೆ ಹಾಗೆ ಕಾಣುತ್ತದೆ. ಸೋಪಿನ ಗುಳ್ಳೆಯ ಮೇಲಿನ ಬಣ್ಣಗಳ ಹಾಗೆಯೇ.

ಕೊನೆಯಲ್ಲಿ ಒಬ್ಬರು ತೂಕದ ಬಗ್ಗೆ ಕೇಳಿದರು. ಟೈಟಾನಿಯಂ ರೋಡ್ ಫ್ರೇಮ್ ಸಾಮಾನ್ಯವಾಗಿ 1.3ರಿಂದ 1.7 ಕೆ.ಜಿ. ತೂಗುತ್ತದೆ. ಕಾರ್ಬನ್ ಫ್ರೇಮ್ ಒಂದು ಕೆ.ಜಿ.ಗಿಂತ ಕೆಳಗೆ ಸುಲಭವಾಗಿ ಹೋಗುತ್ತದೆ. ತೂಕವೇ ಮುಖ್ಯವಾದರೆ ಕಾರ್ಬನ್ ಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಟೈಟಾನಿಯಂ ತಯಾರಕರ ಬೆನ್ನು ಹತ್ತಿ ಇನ್ನೂ ನೂರು ಗ್ರಾಂ ಇಳಿಸಿ ಎಂದು ತೆಳು ಗೋಡೆ ಹಾಕಿಸಬೇಡಿ.

ಇನ್ನೊಬ್ಬರು ಕೇಳಿದ್ದು, ಫ್ರೇಮ್ ಮನೆಗೆ ಬಂದ ದಿನ ಮೊದಲು ಏನು ಮಾಡಬೇಕು ಎಂದು. ಭಾಗಗಳನ್ನು ಜೋಡಿಸುವ ಆತುರ ಬೇಡ. ಒಂದು ಗಟ್ಟಿ ದಾರ ತೆಗೆದುಕೊಳ್ಳಿ. ಅದರ ಒಂದು ತುದಿಯನ್ನು ಹಿಂದಿನ ಒಂದು ಡ್ರಾಪ್‌ಔಟಿಗೆ ಕಟ್ಟಿ, ಹೆಡ್ ಟ್ಯೂಬಿನ ಸುತ್ತ ತಂದು, ಇನ್ನೊಂದು ಡ್ರಾಪ್‌ಔಟಿಗೆ ಬಿಗಿಯಾಗಿ ಕಟ್ಟಿ. ದಾರ ಸೀಟ್ ಟ್ಯೂಬಿನ ಎರಡೂ ಪಕ್ಕದಲ್ಲಿ ಹಾದುಹೋಗುತ್ತದೆ. ಎರಡೂ ಕಡೆ ದಾರಕ್ಕೂ ಕೊಳವೆಗೂ ಇರುವ ಅಂತರ ಅಳೆಯಿರಿ. ಒಂದೇ ಇರಬೇಕು, ಒಂದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಫೋಟೊ ತೆಗೆದು ಅದೇ ದಿನ ತಯಾರಕರಿಗೆ ಕಳಿಸಿ. ಸರಿ ಇದ್ದರೆ ದಾರ ಬಿಚ್ಚಿ, ನಕ್ಷೆ ತೆಗೆದು ಒಂದೊಂದೇ ಸಂಖ್ಯೆಯನ್ನು ಟೇಪಿನಿಂದ ಹೋಲಿಸಿ ನೋಡಿ. ಆಮೇಲೆ ಪ್ರತಿ ಥ್ರೆಡ್ಡಿಗೂ, ಲೋಹದ ಸೀಟ್‌ಪೋಸ್ಟ್ ಇಳಿಯುವ ಕೊಳವೆಯ ಒಳಗೂ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಿ, ಧಾರಾಳವಾಗಿ ಹಚ್ಚಿ. ಟೈಟಾನಿಯಂಗೆ ತುಕ್ಕು ಬರುವುದಿಲ್ಲ ಎಂದು ಇದನ್ನು ಬಿಡುವವರಿದ್ದಾರೆ. ತುಕ್ಕು ಬರದಿದ್ದರೂ ಒಳಗೆ ಸೇರಿದ ಅಲ್ಯೂಮಿನಿಯಂ ಅದಕ್ಕೆ ಕಚ್ಚಿಕೊಂಡುಬಿಡುತ್ತದೆ, ಐದು ವರ್ಷದ ಮೇಲೆ ಸೀಟ್‌ಪೋಸ್ಟ್ ಹೊರಗೆ ಬರುವುದಿಲ್ಲ. ವರ್ಷಕ್ಕೊಮ್ಮೆ ಅದನ್ನು ಹೊರತೆಗೆದು, ಒರೆಸಿ, ಮತ್ತೆ ಹಚ್ಚಿ ಇಳಿಸಿ.